‘ಲೇಖಕರು ಜಿಲ್ಲೆಯವರಾಗಿರಬೇಕು’

ಸ್ಥಳೀಯ ಪತ್ರಿಕೆಯ ಒಳಪುಟದಲ್ಲಿ, ಅಡಿಕೆ ಧಾರಣೆಗೂ ನಿಧನ ವಾರ್ತೆಗೂ ನಡುವೆ, ವರ್ಷಕ್ಕೊಮ್ಮೆ ಇಂಥದೊಂದು ಪ್ರಕಟಣೆ ಬರುತ್ತದೆ. ಸಾಹಿತ್ಯ ಪ್ರಶಸ್ತಿಗೆ ಪುಸ್ತಕಗಳನ್ನು ಆಹ್ವಾನಿಸಲಾಗಿದೆ. ಹಿಂದಿನ ವರ್ಷದ ಜನವರಿಯಿಂದ ಡಿಸೆಂಬರ್ ಒಳಗೆ ಮೊದಲ ಮುದ್ರಣ ಕಂಡಿರಬೇಕು. ನಾಲ್ಕು ಪ್ರತಿ ಕಳಿಸಬೇಕು, ಕಳಿಸಿದ ಪ್ರತಿ ಮರಳಿಸಲಾಗದು. ಲೇಖಕರು ಉತ್ತರ ಕನ್ನಡ ಜಿಲ್ಲೆಯವರಾಗಿರಬೇಕು.

ಓದಿದವರ ಕಣ್ಣು ಮೊದಲು ಹೋಗುವುದು ನಗದು ಎಷ್ಟು ಎಂಬಲ್ಲಿಗೆ, ಆಮೇಲೆ ಕೊನೆಯ ದಿನಾಂಕಕ್ಕೆ. ಪ್ರಶಸ್ತಿ ಕೊಡುವ ಸಮಿತಿಯಲ್ಲಿ ಒಂದೆರಡು ವರ್ಷ ಕೂತವರಿಗೆ ಮಾತ್ರ ಗೊತ್ತು, ತಂಟೆಯೆಲ್ಲ ಇರುವುದು ಆ ಕೊನೆಯ ಷರತ್ತಿನಲ್ಲಿ. ಒಳ್ಳೆಯ ಪುಸ್ತಕ ಯಾವುದು ಎಂದು ಮೂವರು ಓದುಗರು ಹೇಗೋ ಒಂದು ತೀರ್ಮಾನಕ್ಕೆ ಬಂದಾರು. ‘ನಮ್ಮವರು’ ಯಾರು ಎಂಬುದು ಚಹಾ ಮೂರು ಸಲ ಬಂದುಹೋದರೂ ತೀರುವುದಿಲ್ಲ. ಕರ್ನಾಟಕದ ಯಾವ ಜಿಲ್ಲೆಯಲ್ಲೂ ಈ ಪ್ರಶ್ನೆ ಇದ್ದೀತು. ನಮ್ಮಲ್ಲಿ ಅದು ಇಷ್ಟು ಜಟಿಲವಾಗಲು ಕಾರಣಗಳಿವೆ.

‘ಜಿಲ್ಲೆಯವರು’ ಅನ್ನುವುದನ್ನು ಮೂರು ರೀತಿಯಲ್ಲಿ ಅಳೆಯಬಹುದು: ಇಲ್ಲಿ ಹುಟ್ಟಿದವರು, ಇಲ್ಲಿ ನೆಲೆಸಿದವರು, ಇಲ್ಲಿಯದನ್ನು ಬರೆದವರು. ಕೇಳಲು ಸುಲಭ. ಒಂದೊಂದನ್ನೂ ನಮ್ಮ ದೊಡ್ಡ ಹೆಸರುಗಳ ಮೇಲಿಟ್ಟು ನೋಡಿದರೆ ಫಜೀತಿ ಶುರುವಾಗುತ್ತದೆ.

ಕುಮಟಾ ತಾಲೂಕಿನ ಗೋಕರ್ಣದ ಹತ್ತಿರ ಹನೇಹಳ್ಳಿ, ಬಂಕಿಕೊಡ್ಲ ಎಂಬ ಅಕ್ಕಪಕ್ಕದ ಊರುಗಳಿವೆ. ಹನೇಹಳ್ಳಿಯಲ್ಲಿ 1928ರಲ್ಲಿ ಹುಟ್ಟಿದ ಯಶವಂತ ಚಿತ್ತಾಲರು ಪಾಲಿಮರ್ ವಿಜ್ಞಾನಿಯಾಗಿ ಬದುಕಿದ್ದೆಲ್ಲ ಮುಂಬಯಿಯಲ್ಲಿ. ಅಲ್ಲಿ ಕೂತು ಬರೆದದ್ದು ಹನೇಹಳ್ಳಿಯನ್ನು. ‘ಕಥೆಯಾದಳು ಹುಡುಗಿ’ಗೆ 1983ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಬಂಕಿಕೊಡ್ಲದ್ದು ಇದಕ್ಕೆ ತಿರುವುಮುರುವಾದ ಕತೆ. ಸು. ರಂ. ಎಕ್ಕುಂಡಿಯವರು ಹುಟ್ಟಿದ್ದು ರಾಣೆಬೆನ್ನೂರಿನಲ್ಲಿ, ಅಂದರೆ ಪಕ್ಕಾ ಬಯಲುಸೀಮೆ. ಕೆಲಸ ಹುಡುಕಿ ಕಡಲ ಮಗ್ಗುಲಿಗೆ ಬಂದವರು ಆನಂದಾಶ್ರಮ ಹೈಸ್ಕೂಲಿನಲ್ಲಿ ಮಾಸ್ತರಿಕೆ ಮಾಡುತ್ತ ದಶಕಗಳ ಕಾಲ ಅಲ್ಲೇ ಉಳಿದರು. ‘ಬಕುಲದ ಹೂವುಗಳು’ ಸಂಕಲನಕ್ಕೆ 1992ರಲ್ಲಿ ಅದೇ ಅಕಾಡೆಮಿಯ ಪ್ರಶಸ್ತಿ ಬಂತು. ಗದ್ದೆಬಯಲಿನ ಒಂದೇ ಮಗ್ಗುಲಿಗೆ ಎರಡು ಕೇಂದ್ರ ಪ್ರಶಸ್ತಿ: ಒಂದು ಊರು ಬಿಟ್ಟು ಹೋದವರಿಗೆ, ಇನ್ನೊಂದು ಊರಿಗೆ ಬಂದು ಸೇರಿದವರಿಗೆ. ಹುಟ್ಟೇ ಮುಖ್ಯ ಎಂದರೆ ಎಕ್ಕುಂಡಿ ಹೊರಗೆ, ವಾಸವೇ ಮುಖ್ಯ ಎಂದರೆ ಚಿತ್ತಾಲರು ಹೊರಗೆ. ಇಬ್ಬರನ್ನೂ ಬಿಟ್ಟು ಉತ್ತರ ಕನ್ನಡದ ಸಾಹಿತ್ಯ ಎಂದು ಯಾವುದನ್ನು ಕರೆಯುವುದು?

ಬರಹದ ವಸ್ತುವನ್ನೇ ನೋಡೋಣ ಎನ್ನುವವರಿಗೆ ಜಯಂತ ಕಾಯ್ಕಿಣಿ ಸಿಗುತ್ತಾರೆ. ಗೋಕರ್ಣದವರು, ಹತ್ತೊಂಬತ್ತನೇ ವಯಸ್ಸಿಗೇ ‘ರಂಗದಿಂದೊಂದಿಷ್ಟು ದೂರ’ ಎಂಬ ಕವನ ಸಂಕಲನಕ್ಕೆ ರಾಜ್ಯ ಸಾಹಿತ್ಯ ಅಕಾಡೆಮಿಯ ಬಹುಮಾನ ಪಡೆದವರು. ಅವರ ಕತೆಗಳ ಇಂಗ್ಲಿಷ್ ಅನುವಾದಕ್ಕೆ 2018ನೇ ಸಾಲಿನ ದಕ್ಷಿಣ ಏಷ್ಯಾ ಸಾಹಿತ್ಯದ ಡಿಎಸ್‌ಸಿ ಬಹುಮಾನ ಬಂತು. ಅನುವಾದಕಿ ತೇಜಸ್ವಿನಿ ನಿರಂಜನ ಅವರೂ ಅದರಲ್ಲಿ ಪಾಲುದಾರರು. ಆ ಕತೆಗಳೆಲ್ಲ ಮುಂಬಯಿಯವು. ಹೀಗೆ ಗೋಕರ್ಣದವರೊಬ್ಬರು ಮುಂಬಯಿಯ ಚಾಳು, ಲೋಕಲ್ ರೈಲು, ಸಿನಿಮಾ ಥಿಯೇಟರುಗಳ ಬಗ್ಗೆ ಬರೆದು ಹೊರದೇಶದವರ ಕಣ್ಣಿಗೂ ಬಿದ್ದರೆ, ವಸ್ತುವಿನ ಅಳತೆಗೋಲು ಹಿಡಿದವರು ಏನು ಹೇಳಬೇಕು?

ವಾಸದ ಷರತ್ತು ಇನ್ನೂ ವಿಚಿತ್ರ. ಚುಟುಕಗಳ ದಿನಕರ ದೇಸಾಯಿ ಅಂಕೋಲೆ ಕಡೆಯವರು, 1909ರಲ್ಲಿ ಹುಟ್ಟಿದವರು. ಮುಂಬಯಿಯಲ್ಲಿ ಭಾರತ ಸೇವಕ ಸಮಾಜದ ಕೆಲಸ, ಇಲ್ಲಿ ರೈತ ಚಳವಳಿ. ಆ ಚಳವಳಿಯ ಕಾಲಕ್ಕೆ ಬ್ರಿಟಿಷ್ ಸರಕಾರ ಅವರನ್ನು ಜಿಲ್ಲೆಯಿಂದಲೇ ಗಡೀಪಾರು ಮಾಡಿತ್ತು. ‘ಕಳೆದ ಐದು ವರ್ಷಗಳಿಂದ ಜಿಲ್ಲೆಯಲ್ಲಿ ವಾಸವಾಗಿರಬೇಕು’ ಎಂಬ ನಿಯಮ ಆಗ ಇದ್ದಿದ್ದರೆ, ಜಿಲ್ಲೆಗಾಗಿ ಹೊರದೂಡಿಸಿಕೊಂಡವರೇ ಅರ್ಜಿ ಹಾಕುವಂತಿರಲಿಲ್ಲ. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಊರೂರಿಗೆ ಹೈಸ್ಕೂಲು ತಂದವರು ಇವರೇ. ಇವತ್ತು ಸಮಿತಿಯಲ್ಲಿ ಕೂರುವ ಎಷ್ಟೋ ಮಂದಿ ಆ ಶಾಲೆಗಳಲ್ಲೇ ಅಕ್ಷರ ಕಲಿತವರು.

ಮುಂಬಯಿ ಹೀಗೆ ಹೆಜ್ಜೆಹೆಜ್ಜೆಗೂ ಅಡ್ಡಬರುವುದು ಆಕಸ್ಮಿಕವಲ್ಲ. 1862ರಲ್ಲಿ ನಮ್ಮ ಜಿಲ್ಲೆಯನ್ನು ಮದ್ರಾಸ್ ಪ್ರಾಂತದಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದರು; 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಅದು ಅಲ್ಲೇ ಇತ್ತು. ಕೋರ್ಟು, ಕಾಲೇಜು, ನೌಕರಿ ಎಲ್ಲಕ್ಕೂ ಜನ ನೋಡಿದ್ದು ಬಡಗು ದಿಕ್ಕನ್ನು. ಊರಲ್ಲಿ ತೆಂಗಿನ ಹಿತ್ತಲು, ದಾದರಿನಲ್ಲಿ ಒಂದು ಖೋಲಿ ಎಂಬ ಬದುಕು ಎರಡು ಮೂರು ತಲೆಮಾರು ನಡೆಯಿತು. ಹೀಗಾಗಿ ಈ ಜಿಲ್ಲೆಯ ಸಾಹಿತ್ಯದ ಅರ್ಧ ಭಾಗ ಊರನ್ನು ನೆನೆಸಿಕೊಂಡು ಬರೆದದ್ದು, ಊರಲ್ಲಿ ಕೂತು ಬರೆದದ್ದಲ್ಲ. ಗೋಕರ್ಣದಲ್ಲೇ ಇದ್ದುಕೊಂಡು ಜಗತ್ತಿನ ತತ್ವಶಾಸ್ತ್ರವನ್ನೆಲ್ಲ ಮನೆಗೆ ತರಿಸಿಕೊಂಡ ಗೌರೀಶ ಮಾಸ್ತರರಂಥವರು (ಗೌರೀಶ ಕಾಯ್ಕಿಣಿ, 1912–2002) ಇಲ್ಲವೆಂದಲ್ಲ. ಆದರೆ ಅವರೇ ಮಾದರಿ ಎಂದು ನಿಯಮ ಬರೆದರೆ ಪಟ್ಟಿ ತೀರ ಸಣ್ಣದಾಗುತ್ತದೆ.

ನಿಯಮವನ್ನು ತೀರ ಸಡಿಲ ಬಿಟ್ಟರೂ ಕಷ್ಟವೇ. ರವೀಂದ್ರನಾಥ ಟಾಗೋರರ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಇಪ್ಪತ್ತೆರಡರ ರವೀಂದ್ರರು 1883ರಲ್ಲಿ ಇಲ್ಲಿಗೆ ಬಂದು ಉಳಿದಾಗ ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದರು. ‘ಜಿಲ್ಲೆಯಲ್ಲಿ ರಚಿತವಾದ ಕೃತಿ’ ಎಂದಿಟ್ಟರೆ ಅವರೂ ಅರ್ಹರೇ! ಕಡಲತೀರಕ್ಕೆ ಅವರ ಹೆಸರಿಟ್ಟು ನಾವು ಆ ಲೆಕ್ಕ ಚುಕ್ತಾ ಮಾಡಿದ್ದೇವೆ ಅನ್ನಿ.

ಜಿಲ್ಲೆಯ ಅತಿ ಹಿರಿಯ ಪ್ರಶಸ್ತಿ ಸಮಾರಂಭ ನಡೆಯುವುದು ಶಿರಸಿ ತಾಲೂಕಿನ ಬನವಾಸಿಯಲ್ಲಿ. ರಾಜ್ಯ ಸರಕಾರದ ಪಂಪ ಪ್ರಶಸ್ತಿ 1987ರಲ್ಲಿ ಶುರುವಾಯಿತು, ಮೊದಲನೆಯದು ಕುವೆಂಪು ಅವರಿಗೆ. ಆರಂಭದಲ್ಲಿ ಒಂದು ಕೃತಿಗೆ ಕೊಡುತ್ತಿದ್ದರು. 1990ರ ದಶಕದ ನಡುವಿನಿಂದ ಲೇಖಕರ ಒಟ್ಟು ಸಾಹಿತ್ಯಕ್ಕೆ ಕೊಡತೊಡಗಿದರು. ಕದಂಬೋತ್ಸವದ ವೇದಿಕೆಯಲ್ಲಿ ಅದನ್ನು ಪ್ರದಾನ ಮಾಡುವುದು ರೂಢಿ. ಇದು ಇಡೀ ಕನ್ನಡಕ್ಕೆ ಸೇರಿದ್ದು, ಜಿಲ್ಲೆಯ ಪ್ರಶಸ್ತಿಯಲ್ಲ. ಆದರೆ ಪ್ರಶಸ್ತಿಗೆ ಹೆಸರು ಕೊಟ್ಟ ಪಂಪನನ್ನೇ ನಮ್ಮ ಮೂರು ಅಳತೆಗೆ ಹಾಕಿ ನೋಡಿ. ಅವನು ಆಸ್ಥಾನಕವಿಯಾಗಿದ್ದದ್ದು ಅರಿಕೇಸರಿಯ ಬಳಿ, ಈಗಿನ ತೆಲಂಗಾಣದ ವೇಮುಲವಾಡದ ಕಡೆ. ಕಾವ್ಯ ಬರೆದ ಕಾಲ 941ರ ಹೊತ್ತು. ಬರೆದದ್ದು ಮಹಾಭಾರತದ ಕತೆಯನ್ನು. ಹುಟ್ಟು, ವಾಸ, ವಸ್ತು ಎಂದು ಕೇಳುವ ಯಾವ ಅರ್ಜಿಯಲ್ಲೂ ಅವನು ಪಾಸಾಗುವುದಿಲ್ಲ. ಯಾರು ಅಂಕುಶವಿಟ್ಟು ತಿವಿದರೂ ಮನಸ್ಸು ನೆನೆಯುವುದು ಬನವಾಸಿಯನ್ನೇ ಎಂದ ಆ ಒಂದು ಮಾತಿನ ಬಲದ ಮೇಲೆ ಸಾವಿರ ವರ್ಷದಿಂದ ಅವನು ಇಲ್ಲಿಯವನು. ಅದೇ ಪ್ರಶಸ್ತಿ 2015ನೇ ಸಾಲಿಗೆ ಬಿ. ಎ. ಸನದಿ ಅವರಿಗೆ ಬಂದಾಗ ಕುಮಟಾದವರು ನಮ್ಮವರಿಗೆ ಬಂತು ಎಂದು ಸಂಭ್ರಮಪಟ್ಟರು. ಸನದಿಯವರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯಲ್ಲಿ, ನೌಕರಿ ಮುಂಬಯಿಯಲ್ಲಿ, ನಿವೃತ್ತಿಯಾದ ಮೇಲೆ ನೆಲೆಸಿದ್ದು ಕುಮಟಾ ಬಳಿಯ ಹೆಗಡೆ ಗ್ರಾಮದಲ್ಲಿ. ಯಾರೂ ಜನ್ಮದಾಖಲೆ ಕೇಳಲಿಲ್ಲ.

ಇನ್ನು ಪ್ರಶಸ್ತಿಯ ಯಂತ್ರ ಒಳಗೆ ಹೇಗೆ ತಿರುಗುತ್ತದೆ ಎಂಬುದು. ಪುಸ್ತಕಕ್ಕೆ ಕೊಡುವ ಬಹುಮಾನ ಬೇರೆ, ಬಾಳಿಗೆ ಕೊಡುವ ಗೌರವ ಬೇರೆ. 1961ರಲ್ಲಿ ಹುಟ್ಟಿದ ಕರ್ನಾಟಕ ಸಾಹಿತ್ಯ ಅಕಾಡೆಮಿ ಇವನ್ನು ಬೇರೆಬೇರೆಯಾಗಿಯೇ ಇಟ್ಟಿದೆ: ಜೀವಮಾನದ ಸಾಧನೆಗೆ ಗೌರವ ಪ್ರಶಸ್ತಿ, ಅದರ ಕೆಳಗೆ ಸಾಹಿತ್ಯಶ್ರೀ, ಕಾವ್ಯ, ಕತೆ, ಕಾದಂಬರಿ ಎಂದು ಪ್ರಕಾರವಾರು ಪುಸ್ತಕ ಬಹುಮಾನ. ಕೇಂದ್ರ ಅಕಾಡೆಮಿ ಕೊಡುವುದು ಪುಸ್ತಕಕ್ಕೆ, ಅದೂ ಐದು ವರ್ಷದ ಕಿಟಕಿಯೊಳಗೆ ಬಂದದ್ದಕ್ಕೆ. 2024ರ ಪ್ರಶಸ್ತಿಗೆ 2018ರಿಂದ 2022ರ ಕೊನೆಯವರೆಗೆ ಮೊದಲು ಅಚ್ಚಾದ ಪುಸ್ತಕಗಳು ಎಂಬ ಲೆಕ್ಕ. ಹಳಿಯಾಳದಲ್ಲಿ ಹುಟ್ಟಿದ ಶಾಂತಿನಾಥ ದೇಸಾಯಿ 1998ರಲ್ಲಿ ತೀರಿಕೊಂಡರು. ‘ಓಂ ಣಮೋ’ ಕಾದಂಬರಿಗೆ ಪ್ರಶಸ್ತಿ ಬಂದದ್ದು 2000ದಲ್ಲಿ. ಲೇಖಕರು ಹೋದ ಮೇಲೂ ಪುಸ್ತಕಕ್ಕೆ ಕಾಲ ಸಿಕ್ಕಿತು. ಜಿಲ್ಲೆಯ ಸಣ್ಣ ಪ್ರಶಸ್ತಿಗಳು ಒಂದೇ ವರ್ಷದ ಕಿಂಡಿ ಇಡುತ್ತವೆ. ನವೆಂಬರಿನಲ್ಲಿ ಅಚ್ಚಾದ ಪುಸ್ತಕ ಶಿರಸಿಯ ಅಂಗಡಿಗೆ ಬರುವಷ್ಟರಲ್ಲಿ ಜನವರಿ ಮುಗಿದಿರುತ್ತದೆ, ಯಾರಾದರೂ ಓದಿ ಇನ್ನೊಬ್ಬರಿಗೆ ಹೇಳುವಷ್ಟರಲ್ಲಿ ಕೊನೆಯ ದಿನಾಂಕ ದಾಟಿರುತ್ತದೆ. ನನ್ನ ಕೇಳಿದರೆ ಸಣ್ಣ ಜಿಲ್ಲೆಗೆ ಮೂರು ವರ್ಷದ ಅವಧಿಯೇ ಸರಿ. ವರ್ಷವೊಂದರಲ್ಲಿ ಬರುವ ಒಳ್ಳೆಯ ಕಾದಂಬರಿಗಳನ್ನು ಎಣಿಸಲು ಒಂದು ಕೈಯ ಬೆರಳು ಸಾಕು, ಕೆಲವು ವರ್ಷ ಅದೂ ಬೇಡ.

ಕೊನೆಯ ಸುತ್ತಿಗೆ ಬಂದ ಪುಸ್ತಕಗಳನ್ನು ಮೂವರಿಗೆ ಕಳಿಸಿ ನೂರಕ್ಕೆ ಅಂಕ ಹಾಕಿಸುವುದು ಹಲವೆಡೆ ರೂಢಿ. ಮೂವರ ಅಂಕ ಕೂಡಿಸಿ ಹೆಚ್ಚು ಬಂದವರಿಗೆ ಪ್ರಶಸ್ತಿ. ನ್ಯಾಯವಾಗಿ ಕಾಣುವ ಈ ಕ್ರಮದಲ್ಲೇ ಒಂದು ಮೋಸ ಅಡಗಿದೆ, ಯಾರೂ ಬೇಕೆಂದು ಮಾಡದ ಮೋಸ. ಮೊದಲ ಪುಸ್ತಕಕ್ಕೆ ಮೂವರು 82, 80, 45 ಕೊಟ್ಟರು ಅನ್ನಿ, ಎರಡನೆಯದಕ್ಕೆ 78, 76, 70. ಮೂವರಲ್ಲಿ ಇಬ್ಬರಿಗೆ ಮೊದಲ ಪುಸ್ತಕವೇ ಮೇಲು. ಕೂಡಿಸಿದರೆ ಮೊದಲನೆಯದಕ್ಕೆ 207, ಎರಡನೆಯದಕ್ಕೆ 224. ಗೆದ್ದದ್ದು ಎರಡನೆಯದು. ಮೂರನೆಯವರು ಅಂಕಗಳನ್ನು ಎಳೆದಾಡಿ ಹಾಕುವವರಾದ್ದರಿಂದ ಅವರೊಬ್ಬರ ಮಾತೇ ತೀರ್ಪಾಯಿತು, ಮೊದಲಿಬ್ಬರು ಹದವಾಗಿ ಹಾಕಿದ್ದರಿಂದ ಅವರ ಓದು ಲೆಕ್ಕಕ್ಕೆ ಬರಲಿಲ್ಲ. ಕಾಲೇಜಿನ ಪೇಪರು ತಿದ್ದಿದವರಿಗೆ ಇದು ಹೊಸತಲ್ಲ. ಧಾರಾಳಿ ಮಾಸ್ತರೂ ಜಿಪುಣ ಮಾಸ್ತರೂ ಎಲ್ಲ ಕಡೆ ಇದ್ದಾರೆ. ಅಂಕದ ಬದಲು ಒಂದು, ಎರಡು, ಮೂರು ಎಂದು ಸ್ಥಾನ ಬರೆಸಿದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಮೂವರನ್ನೂ ಒಂದು ಮಧ್ಯಾಹ್ನ ಎದುರುಬದುರು ಕೂರಿಸಿದರೆ ಇನ್ನೂ ಒಳ್ಳೆಯದು. ಅದಕ್ಕೆ ಬಸ್ಸಿನ ಖರ್ಚು ಬೀಳುತ್ತದೆ, ಆದ್ದರಿಂದ ಯಾರೂ ಮಾಡುವುದಿಲ್ಲ.

ಪುಸ್ತಕವನ್ನು ಬಿಟ್ಟು ಜೀವಮಾನದ ಗೌರವಕ್ಕೆ ಬಂದರೆ ಅಂಕಗಳೂ ಇಲ್ಲ, ಅರ್ಜಿಯೂ ಇಲ್ಲ. ಅಲ್ಲಿ ಕೆಲಸ ಮಾಡುವುದು ನೆನಪು, ವಯಸ್ಸು, ಮತ್ತು ಘಟ್ಟ. ಹೌದು, ಘಟ್ಟ. ಕಡಲ ಕಡೆಯ ಐದು ತಾಲೂಕುಗಳಿಗೂ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಿಗೂ ನಡುವೆ ದೇವಿಮನೆಯಂಥ ಘಾಟಿಗಳಿವೆ. ಸಭೆಯಲ್ಲಿ ಯಾರಾದರೊಬ್ಬರು ‘ಹೋದ ಸಲ ಘಟ್ಟದ ಕೆಳಗಿನವರಿಗಾಯ್ತಲ್ಲ, ಈ ಸಲ ಮೇಲಿನವರಿಗೆ ಕೊಡುವಾ’ ಎಂದೇ ಎನ್ನುತ್ತಾರೆ. ಹೀಯಾಳಿಸುವಂಥ ಮಾತೇನೂ ಅಲ್ಲ ಅದು. ಮುಂಡಗೋಡಿನಲ್ಲೋ ಜೋಯಿಡಾದಲ್ಲೋ ಕೂತು ಬರೆಯುವವರನ್ನು ಕರಾವಳಿಯ ಪತ್ರಿಕೆ, ಕಾಲೇಜು, ಗೋಷ್ಠಿಗಳು ಗಮನಿಸುವುದೇ ಅಪರೂಪ. ಗೌರವಕ್ಕೆ ಆ ಸರದಿ ನಡೆದೀತು. ಪುಸ್ತಕ ಬಹುಮಾನಕ್ಕೂ ಅದನ್ನೇ ತಂದಾಗ ಮಾತ್ರ ಓದುವ ಕೆಲಸವೇ ನಿಂತುಹೋಗುತ್ತದೆ.

ಹಣದ ವಿಷಯ ಕೊಂಚ ಬಿಡಿಸಿ ಹೇಳಬೇಕು, ಯಾಕೆಂದರೆ ಎಷ್ಟೋ ಪ್ರಶಸ್ತಿಗಳು ಸದ್ದಿಲ್ಲದೆ ನಿಂತುಹೋಗುವುದು ಇಲ್ಲೇ. ಸ್ಥಳೀಯ ಪ್ರಶಸ್ತಿಗಳಲ್ಲಿ ಬಹಳಷ್ಟು ದತ್ತಿಯಿಂದ ನಡೆಯುವಂಥವು. ಯಾರೋ ತಂದೆಯ ಹೆಸರಿನಲ್ಲೋ ಗಂಡನ ಹೆಸರಿನಲ್ಲೋ ಒಂದು ಮೊತ್ತವನ್ನು ಸಂಸ್ಥೆಗೆ ಒಪ್ಪಿಸುತ್ತಾರೆ. ಸಂಸ್ಥೆ ಅದನ್ನು ಬ್ಯಾಂಕಿನಲ್ಲಿ ಠೇವಣಿಯಿಡುತ್ತದೆ. ಅಸಲು ಮುಟ್ಟುವಂತಿಲ್ಲ, ಬಡ್ಡಿಯಲ್ಲಿ ಪ್ರಶಸ್ತಿ. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿನ ದತ್ತಿಗಳೂ ಇದೇ ಜಾಡಿನವು. 1990ರ ದಶಕದ ನಡುವೆ ಠೇವಣಿಗೆ ಶೇಕಡಾ 12ರ ಆಸುಪಾಸು ಬಡ್ಡಿ ಸಿಗುತ್ತಿದ್ದಾಗ ಒಂದು ಲಕ್ಷದ ದತ್ತಿಯಿಂದ ವರ್ಷಕ್ಕೆ ಹನ್ನೆರಡು ಸಾವಿರ ಬರುತ್ತಿತ್ತು. 2020–21ರ ಹೊತ್ತಿಗೆ ಬಡ್ಡಿ ಐದೂವರೆಯ ಹತ್ತಿರ ಇಳಿಯಿತು, ಅದೇ ಲಕ್ಷದಿಂದ ಐದೂವರೆ ಸಾವಿರ. ಈ ನಡುವೆ ಶಾಲಿನ ಬೆಲೆ, ಫಲಕದ ಬೆಲೆ, ಹಾಲ್ ಬಾಡಿಗೆ, ಅತಿಥಿಗಳ ಕಾರಿನ ಡೀಸೆಲ್ ಎಲ್ಲವೂ ಏರಿವೆ. ಕೊನೆಗೆ ಸಮಾರಂಭದ ಖರ್ಚು ಪ್ರಶಸ್ತಿಯ ಮೊತ್ತವನ್ನೂ ಮೀರಿಸಿ, ಸಂಘಟಕರು ಅಂಗಡಿ ಅಂಗಡಿಗೆ ರಸೀದಿ ಪುಸ್ತಕ ಹಿಡಿದು ಹೋಗಬೇಕಾಗುತ್ತದೆ.

ಇದಕ್ಕೆ ಮದ್ದು ಇಲ್ಲವೆಂದಲ್ಲ. ಬಡ್ಡಿಯ ಒಂದು ಪಾಲನ್ನು ಪ್ರತಿ ವರ್ಷ ಅಸಲಿಗೆ ಸೇರಿಸುತ್ತ ಹೋಗಬೇಕು, ಅಥವಾ ಎರಡು ವರ್ಷಕ್ಕೊಮ್ಮೆ ಕೊಡಬೇಕು. ದತ್ತಿಪತ್ರ ಬರೆಯುವಾಗಲೇ ಇದಕ್ಕೆ ಅವಕಾಶ ಇಟ್ಟಿರಬೇಕಷ್ಟೇ. ‘ಜಿಲ್ಲೆಯ ಮಹಿಳೆಯೊಬ್ಬರ ಚೊಚ್ಚಲ ಚುಟುಕು ಸಂಕಲನಕ್ಕೆ ಪ್ರತಿ ವರ್ಷ’ ಎಂದು ಪ್ರೀತಿಯಿಂದ ಇಕ್ಕಟ್ಟಾಗಿ ಬರೆದುಬಿಟ್ಟರೆ, ಅಂಥ ಪುಸ್ತಕವೇ ಬರದ ವರ್ಷ ಸಮಿತಿ ಏನು ಮಾಡಬೇಕು? ಯಾರಿಗೂ ಕೊಡದಿದ್ದರೆ ದಾನಿಗಳ ಮನೆಯವರಿಗೆ ಬೇಜಾರು, ಇದ್ದಬದ್ದದಕ್ಕೆ ಕೊಟ್ಟರೆ ಓದುಗರಿಗೆ ಬೇಜಾರು. ‘ಅರ್ಹ ಕೃತಿ ಬಾರದಿದ್ದಲ್ಲಿ ಮುಂದಿನ ವರ್ಷಕ್ಕೆ’ ಎಂಬ ಐದು ಪದ ಸೇರಿಸಿದ್ದರೆ ಎಷ್ಟು ಜಗಳ ತಪ್ಪುತ್ತಿತ್ತು!

‘ಪುಸ್ತಕ’ ಎಂಬ ಪದವೂ ನಮ್ಮಲ್ಲಿ ಸರಾಗವಾಗಿ ನಿಲ್ಲುವುದಿಲ್ಲ. ಅಂಕೋಲಾ ತಾಲೂಕಿನ ಬಡಿಗೇರಿಯ ಸುಕ್ರಿ ಬೊಮ್ಮಗೌಡ ಅವರಿಗೆ ಓದು ಬರಹ ಗೊತ್ತಿರಲಿಲ್ಲ. ಹಾಲಕ್ಕಿ ಒಕ್ಕಲಿಗರ ಹಾಡುಗಳು ಸಾವಿರಗಟ್ಟಲೆ ಅವರ ಬಾಯಲ್ಲಿದ್ದವು. 2017ರಲ್ಲಿ ಪದ್ಮಶ್ರೀ ಬಂತು, 2025ರಲ್ಲಿ ತೀರಿಕೊಂಡರು. ನಾಲ್ಕು ಪ್ರತಿ ಕಳಿಸಿ ಎನ್ನುವ ಪ್ರಕಟಣೆ ಅವರ ಪಾಲಿಗೆ ಬರೆದದ್ದೇ ಅಲ್ಲ. ಅಂಥ ಹಾಡುಗಳು ಅಚ್ಚಿಗೆ ಹೋದಾಗ ಮುಖಪುಟದಲ್ಲಿ ಇರುವುದು ಸಂಗ್ರಾಹಕರ ಹೆಸರು. ಎಲ್. ಆರ್. ಹೆಗಡೆ, ಎನ್. ಆರ್. ನಾಯಕರಂಥವರು ಊರೂರು ತಿರುಗಿ ಮಾಡಿದ ಸಂಗ್ರಹದ ಕೆಲಸ ಸಣ್ಣದಲ್ಲ, ಅದಿಲ್ಲದೆ ಎಷ್ಟೋ ಹಾಡು ಹಾಡಿದವರ ಜೊತೆಗೇ ಹೋಗುತ್ತಿತ್ತು. ಆದರೆ ಆ ಪುಸ್ತಕಕ್ಕೆ ಬಹುಮಾನ ಕೊಟ್ಟರೆ ಶಾಲು ಯಾರ ಹೆಗಲಿಗೆ? ಹಾಡಿದವರನ್ನು ಜಾನಪದದ ಕೋಣೆಗೆ ಕಳಿಸಿ, ಬರೆದುಕೊಂಡವರನ್ನು ಸಾಹಿತ್ಯದ ಕೋಣೆಯಲ್ಲಿ ಕೂರಿಸುವುದು ಅನುಕೂಲಕ್ಕೆ ಮಾಡಿಕೊಂಡ ವಿಂಗಡಣೆ. ಯಕ್ಷಗಾನ ಪ್ರಸಂಗ ಬರೆದ ಕವಿಗಳಿಗೂ ಬಹಳ ಕಾಲ ಇದೇ ಗತಿಯಾಯಿತು.

ಭಾಷೆಯದೂ ಒಂದು ತೊಡಕು ಇದೆ. ಕಾರವಾರದ ಪೇಟೆಯಲ್ಲಿ ಹತ್ತು ಹೆಜ್ಜೆ ನಡೆದರೆ ಕೊಂಕಣಿ ಕಿವಿಗೆ ಬೀಳುತ್ತದೆ. ಇಲ್ಲಿಯ ಕೊಂಕಣಿ ಲೇಖಕರು ಕನ್ನಡ ಲಿಪಿಯಲ್ಲಿ ಬರೆದರೆ, ಕೊಂಕಣಿಗೆ ದೇವನಾಗರಿ ಲಿಪಿಯನ್ನೇ ಒಪ್ಪುವ ಕೇಂದ್ರ ಅಕಾಡೆಮಿಯ ಕಣ್ಣಿಗೆ ಬೀಳುವುದಿಲ್ಲ. ಕನ್ನಡ ಪ್ರಶಸ್ತಿಗಳಿಗೆ ಅವರ ಭಾಷೆ ಹೊರಗಿನದು. ಅಂಥವರಿಗೆ ಜಿಲ್ಲೆಯ ಪ್ರಶಸ್ತಿಯಾದರೂ ಬಾಗಿಲು ತೆರೆಯಬೇಕಿತ್ತು.

ಇಷ್ಟೆಲ್ಲ ತಂಟೆ ಇದ್ದೂ ಈ ಸಣ್ಣ ಪ್ರಶಸ್ತಿಗಳು ಬೇಕೇ ಎಂದು ಕೇಳುವವರು ಒಂದು ಸಮಾರಂಭದಲ್ಲಿ ಕೊನೆಯವರೆಗೆ ಕೂತು ನೋಡಬೇಕು. ದೊಡ್ಡ ಸಮ್ಮೇಳನಗಳು ಇಲ್ಲಿಗೂ ಬಂದಿವೆ, 1931ರಲ್ಲಿ ಕಾರವಾರಕ್ಕೆ, 1954ರಲ್ಲಿ ಕುಮಟೆಗೆ, 1982ರಲ್ಲಿ ಶಿರಸಿಗೆ. ಅಧ್ಯಕ್ಷರಾಗಿ ಬಂದವರು ಮುಳಿಯ ತಿಮ್ಮಪ್ಪಯ್ಯ, ವಿ. ಸೀತಾರಾಮಯ್ಯ, ಗೊರೂರು, ಮೂವರೂ ಬೇರೆ ಜಿಲ್ಲೆಯವರು. ಊರಿನ ಲೇಖಕರು ಅಲ್ಲಿ ಊಟದ ವ್ಯವಸ್ಥೆ ನೋಡಿಕೊಂಡವರು. ಸ್ಥಳೀಯ ಪ್ರಶಸ್ತಿಯ ದಿನ ಮಾತ್ರ ಅದೇ ಮನುಷ್ಯ ನಡುವಿನ ಕುರ್ಚಿಯಲ್ಲಿ, ಸ್ವಲ್ಪ ಮುಜುಗರದಿಂದ, ಹೊಸ ಅಂಗಿ ಹಾಕಿಕೊಂಡು ಕೂತಿರುತ್ತಾನೆ. ಸ್ವಾಗತ, ಪ್ರಾಸ್ತಾವಿಕ, ದೀಪ, ಇವೆಲ್ಲ ಆದಮೇಲೆ ಅಭಿನಂದನಾ ನುಡಿ ಇರುತ್ತದೆ. ಹೊರಗಿನಿಂದ ಬಂದ ಒಬ್ಬ ವಿಮರ್ಶಕ ಆ ಲೇಖಕನ ನಾಲ್ಕಾರು ಪುಸ್ತಕಗಳನ್ನು ಕಡ್ಡಾಯವಾಗಿ ಓದಿಕೊಂಡು ಬಂದು ನಲವತ್ತು ನಿಮಿಷ ಮಾತಾಡಬೇಕಾದ ಜಾಗ ಅದು. ಮುನ್ನೂರು ಪ್ರತಿ ಅಚ್ಚಾಗಿ, ಅದರಲ್ಲೂ ಪೆಟ್ಟಿಗೆಯಲ್ಲೇ ಒಂದಷ್ಟು ಉಳಿದು, ಪತ್ರಿಕೆಗಳಲ್ಲಿ ‘ಸಾದರ ಸ್ವೀಕಾರ’ದ ಒಂದು ಸಾಲು ಬಿಟ್ಟು ಬೇರೇನೂ ಕಾಣದ ಪುಸ್ತಕಗಳಿಗೆ ಜನ್ಮದಲ್ಲಿ ಸಿಗುವ ಒಂದೇ ಗಂಭೀರ ವಿಮರ್ಶೆ ಎಷ್ಟೋ ಸಲ ಅದೇ. ಹಾಗಾಗಿ ನಗದು ಕಡಿಮೆ ಮಾಡಿಯಾದರೂ ಒಳ್ಳೆಯ ಮಾತುಗಾರರನ್ನಲ್ಲ, ಒಳ್ಳೆಯ ಓದುಗರನ್ನು ಕರೆಸಿ ಎಂದು ನಾನು ಕೇಳಿದ ಕಡೆಯೆಲ್ಲ ಹೇಳುತ್ತೇನೆ. ಸಚಿವರು ಬರುವುದು ತಡವಾಯಿತೆಂದು ಅಭಿನಂದನಾ ನುಡಿಯನ್ನು ಐದು ನಿಮಿಷಕ್ಕೆ ಇಳಿಸಿದ ಸಭೆಗಳನ್ನೂ ನೋಡಿದ್ದೇನೆ.

ನಾನು ಕೂತಿದ್ದ ಒಂದು ಸಮಿತಿಯಲ್ಲಿ ಎರಡು ವರ್ಷದ ವಾದದ ನಂತರ ಆ ಷರತ್ತನ್ನು ತಿದ್ದಿದೆವು. ‘ಹುಟ್ಟಿನಿಂದ, ವಾಸದಿಂದ ಅಥವಾ ಬರಹದಿಂದ ಉತ್ತರ ಕನ್ನಡ ಜಿಲ್ಲೆಗೆ ಸಂಬಂಧಪಟ್ಟವರು’ ಎಂದಾಯಿತು. ಇನ್ನು ಯಾರೂ ತಕರಾರು ಎತ್ತಲಾರರು ಎಂದುಕೊಂಡೆವು. ಪ್ರಕಟಣೆ ಅಚ್ಚಾದ ವಾರದಲ್ಲೇ ಮುಂಬಯಿಯಿಂದ ಒಂದು ಫೋನು ಬಂತು. ವಯಸ್ಸಾದ ಹೆಂಗಸಿನ ದನಿ, ಅರ್ಧ ಮರಾಠಿ ಬೆರೆತ ಕನ್ನಡ.

‘ನಾನು ಹುಟ್ಟಿದ್ದು ಇಲ್ಲೇ ದಾದರದಲ್ಲಿ. ಊರು ಅಂತ ನೋಡಿದ್ದು ಎರಡೋ ಮೂರೋ ಸಲ. ನಮ್ಮ ಆಯಿ ಹೊನ್ನಾವರದ ಕಡೆಯವಳು. ಬರೆದದ್ದೆಲ್ಲ ಅವಳು ಹೇಳಿದ ಕತೆಗಳೇ. ನಡೀತದಾ?’

ನಾಲ್ಕು ಪ್ರತಿ ಕಳಿಸಿ ಅಂದೆ.